ಕಾರವಾರಕ್ಕೆ ಒಂದು ಪ್ರತಿ

ಹಲಗೆ ಮೆಟ್ಟಿಲ ಕಲ್ಲಿಗೆ ತಾಗಿ ಟಪ್ ಎಂದಿತು. ಹಗಲಾಗಿದ್ದರೆ ಆ ಸದ್ದು ನನಗೇ ಕೇಳಿಸುತ್ತಿರಲಿಲ್ಲ. ರಾತ್ರಿ ಒಂದೂವರೆಯಾಗಿತ್ತು. ದಿನಾ ನಾನು ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರ್ ಬರುವುದನ್ನೇ ಕಾದು, ಅದು ಓಣಿಯ ಬಾಯಿ ದಾಟುವಾಗ, ಅದರ ಸದ್ದಿನೊಳಗೆ ಹಲಗೆಯನ್ನು ಇಳಿಸುತ್ತಿದ್ದೆ. ಹಲಗೆಯ ಎರಡೂ ತುದಿಗೆ ಹಳೆಯ ಕೌದಿಯ ತುಂಡು ಸುತ್ತಿ ಹೊಲಿದಿದ್ದೆವು. ಆ ರಾತ್ರಿ ಟ್ರ್ಯಾಕ್ಟರ್ ನಡುವೆಯೇ ನಿಂತುಬಿಟ್ಟಿತು, ನನ್ನ ಕೈ ಆಗಲೇ ಸಡಿಲಾಗಿತ್ತು.

ಮುಂದಿನ ಮನೆಯ ಕಿಟಕಿಯನ್ನು ನೋಡುತ್ತ ಹಾಗೇ ಬಗ್ಗಿ ನಿಂತೆ.

"ಆಪಾ, ನಾವೇನು ಕೋಳಿ ಕದಿಯಾಕ ಹೊಂಟೇವೇನ? ಹಿಡಿ ಬೇಗ, ನನಗ ತಡಕೊಳ್ಳಾಕ ಆಗವಲ್ದು," ಎಂದಳು ಸಾಯಿಮಾ, ಹಿಂದಿನಿಂದ.

ಸಾಯಿಮಾ ನನ್ನ ತಂಗಿ. ಆರು ವರ್ಷದ ಹಿಂದೆ ಮುಂಡಗೋಡ ಕಡೆಯ ಇಂದೂರಿನ ನಮ್ಮ ಮನೆಯ ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕುವಾಗ ಬಿದ್ದು ಬೆನ್ನಿಗೆ ಪೆಟ್ಟಾಯಿತು. ಕಾಲಿಗೆ ಶಕ್ತಿ ಬರಲಿಲ್ಲ. ಕೈಗೆ ಮಾತ್ರ ಮೊದಲಿಗಿಂತ ಹೆಚ್ಚು ಬಂದಿದೆ. ಹಳಿಯಾಳದಲ್ಲಿ ಈಗ ಅವಳು ಹೊಲಿದ ಬ್ಲೌಸಿಗೆ ಜನ ಹುಡುಕಿಕೊಂಡು ಬರುತ್ತಾರೆ. ಮುಂದಿನ ಭಾಗದಲ್ಲಿ ಮನೆಯ ಮಾಲಕರು ದುರ್ಗಪ್ಪ ಮತ್ತು ಅವರ ಹೆಂಡತಿ ಸುಶೀಲವ್ವ ಇದ್ದರು, ಹಿಂದಿನ ಎರಡು ಕೋಣೆಗಳಲ್ಲಿ ನಾವಿಬ್ಬರು. ಕಕ್ಕಸು, ಬಚ್ಚಲು ಹಿತ್ತಲ ಕೊನೆಗೆ, ಎಲ್ಲರಿಗೂ ಒಂದೇ. ನಮ್ಮ ಬಾಗಿಲಿಗೂ ಹಿತ್ತಲಿಗೂ ನಡುವೆ ಎರಡು ಮೆಟ್ಟಿಲು. ಎರಡೇ.

ಹಲಗೆ ನಾನು ಕೆಲಸ ಮಾಡುವ ಅಂಗಡಿಯ ಹಳೆಯ ಬೋರ್ಡು. ಅಡಿಭಾಗದಲ್ಲಿ 'ಝೆರಾಕ್ಸ್, ಟೈಪಿಂಗ್, ಅರ್ಜಿ ಬರೆದುಕೊಡಲಾಗುವುದು' ಎಂದು ಇನ್ನೂ ಕಾಣುತ್ತದೆ. ವ್ಹೀಲ್‌ಚೇರನ್ನು ಹಿಂದಿನಿಂದ ಎಳೆದು ಹಿಡಿದು, ಆ ಅಕ್ಷರಗಳ ಬೆನ್ನ ಮೇಲೆ ತಂಗಿಯನ್ನು ಇಳಿಸಿದೆ. ನಾವು ಹಿತ್ತಲ ನಡುವೆ ಇರುವಾಗ ಮುಂದಿನ ಮನೆಯ ದೀಪ ಹತ್ತಿತು. ದುರ್ಗಪ್ಪ ಕಾಕಾ ಕೆಮ್ಮಿದರು. ದೀಪ ಆರಿತು. ಬೆಳಗಿನವರೆಗೆ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅವರು ಹಿತ್ತಲಲ್ಲಿ ಬೇವಿನಕಡ್ಡಿ ಅಗಿಯುತ್ತ ನಿಂತಿದ್ದರು. ನನಗಾಗಿಯೇ ಕಾದದ್ದು.

"ರಾತ್ರಿ ಮತ್ತ ಹಲಗಿ ಹಾಕಿದ್ರಿ."

"ಹೌದ್ರಿ ಕಾಕಾ."

"ಬ್ಯಾಡ ಅಂತ ಹೇಳಿದ್ನೋ ಇಲ್ಲೋ? ಆ ಹುಡುಗಿ ಜಾರಿ ಬಿದ್ಲು ಅಂತ ತಿಳಕೋ. ಪೊಲೀಸ್ರು ಯಾರನ್ನ ಕರೀತಾರ? ಮನಿ ಯಾರದು ಅಂತ ಕೇಳ್ತಾರ."

ಬಚ್ಚಲಿನಿಂದ ಕೊಡ ಹಿಡಿದು ಬಂದ ಸುಶೀಲವ್ವ ಕಾಕು, "ಅಷ್ಟ ಅಲ್ಲವಾ. ಬಂದವ್ರೆಲ್ಲ ಕೇಳ್ತಾರ, ಇದೇನು ಮನಿಯೋ ದವಾಖಾನಿಯೋ ಅಂತ," ಎಂದರು.

"ನೀ ಸುಮ್ನ ಇರ," ಎಂದರು ಕಾಕಾ, ಆದರೆ ಜೋರಾಗಿ ಅಲ್ಲ.

"ಹಲಗಿ ಬ್ಯಾಡಾದ್ರ ಸಿಮೆಂಟಿನ ಸಣ್ಣ ಇಳಿಜಾರು ಮಾಡ್ಸೂಣ್ರಿ. ಖರ್ಚು ನಾವ ಕೊಡ್ತೇವಿ," ಎಂದೆ. ಇದನ್ನು ನಾನು ಕೇಳುತ್ತಿದ್ದುದು ಮೂರನೇ ಸಲ.

"ಬಾಡಗಿ ಮನ್ಯಾಗ ನೀವು ಕಟ್ಟಸೂದು, ನಾಳೆ ಬಿಟ್ಟು ಹೋಗೂದು, ಅದನ್ನ ಒಡ್ಸಾಕ ನಾ ಮತ್ತ ಗೌಂಡಿ ಹುಡುಕೂದು. ಬ್ಯಾಡ." ಕಡ್ಡಿಯನ್ನು ಎಸೆದು ಬಾಯಿ ಮುಕ್ಕಳಿಸಿದರು. ಆಮೇಲೆ ಧ್ವನಿ ಇಳಿಸಿ ಹೇಳಿದರು: "ಸಿಟ್ಟಾಗಬ್ಯಾಡ ತಂಗಿ. ಈ ತಿಂಗಳ ಮೂವತ್ತೊಂದಕ್ಕ ಹನ್ನೊಂದು ತಿಂಗಳ ಕರಾರು ಮುಗೀತೈತಿ. ಹೊಸಾದು ಬರಸೂದು ಬ್ಯಾಡ. ಆ ಹುಡುಗಿಗೆ ಅನುಕೂಲ ಆಗೂವಂಥ ಮನಿ ನೋಡ್ರಿ."

ನಾನು ಏನೋ ಹೇಳಹೊರಟೆ.

"ಮನಿ ನೋಡಾಕ ಬಂದಾಗ ಕುರ್ಚಿ ಸುದ್ದಿ ನೀ ತಗದಿದ್ದಿಲ್ಲ," ಎಂದರು ಅವರು.

ಅದು ನಿಜ. ಕಳೆದ ವರ್ಷ ಈ ಊರಲ್ಲಿ ಏಳು ಮನೆ ನೋಡಿದ್ದೆ. ಎರಡು ಕಡೆ ನಿಲೋಫರ ಎಂಬ ನನ್ನ ಹೆಸರು ಕೇಳಿದಾಗಲೇ ಮಾತು ನಿಂತಿತು. ಉಳಿದ ಕಡೆ ತಂಗಿಯ ವಿಷಯ ಹೇಳಿದ ಮೇಲೆ. ನೀರಿನ ತೊಂದರೆ ಇದೆ ಅಂದರು, ಮಗ ಬರುತ್ತಾನೆ ಅಂದರು, ಬಣ್ಣ ಹೊಡೆಸಬೇಕು ಅಂದರು. ಎಂಟನೆಯದು ದುರ್ಗಪ್ಪ ಕಾಕಾನ ಮನೆ. ಹೆಸರು ಕೇಳಿ ಅವರು, "ದಾಂಡೇಲಿಯೊಳಗ ಇಪ್ಪತ್ತೊಂಬತ್ತು ವರ್ಷ ನನ್ನ ಬಾಜೂಕ ಜಮಾಲಸಾಬ ಇದ್ದ. ಅವನ ಮನಿ ಈದ್ ಊಟ ತಪ್ಪಿಸಿಲ್ಲ ನಾ," ಎಂದರು. ಅಷ್ಟು ಒಳ್ಳೆಯ ಮಾತಿನ ಮೇಲೆ ಕುರ್ಚಿಯ ಸುದ್ದಿ ಎತ್ತಲು ನನಗೆ ಧೈರ್ಯ ಬರಲಿಲ್ಲ. ತಂಗಿ ಹೊಲಿಗೆ ಮಾಡುತ್ತಾಳೆ ಎಂದೆ. ಅದು ಸುಳ್ಳಲ್ಲ. ಸಾಮಾನು ಇಳಿಸುವ ದಿನ ಟೆಂಪೋದಿಂದ ವ್ಹೀಲ್‌ಚೇರು ಮೊದಲು ಇಳಿಯಿತು; ಕಾಕಾ ಅದನ್ನು ನೋಡಿ, ನನ್ನನ್ನು ನೋಡಿ, ಒಳಗೆ ಹೋದರು.

ಅಂಗಡಿಗೆ ಹೊರಡುವ ಮುನ್ನ ಸಾಯಿಮಾಗೆ ವಿಷಯ ಹೇಳಿದೆ. ಅವಳು ಬಾಯಲ್ಲಿದ್ದ ಸೂಜಿ ತೆಗೆದು, "ಹದಿನೆಂಟ ದಿನ ಐತಿ ಹಂಗಾರ. ಸುಶೀಲವ್ವನ ಎರಡು ಬ್ಲೌಸ್ ನನ್ನ ಕಡೆ ಅದಾವು. ಒತ್ತೆ ಇಟ್ಕೊಳ್ಳೇನು?" ಎಂದಳು.

ನನಗೆ ನಗು ಬರಲಿಲ್ಲ. ಅವಳ ಪಕ್ಕದ ತಂಬಿಗೆಯನ್ನು ನೋಡುತ್ತಿದ್ದೆ. ದಿನಾ ಹೊರಡುವಾಗ ತುಂಬಿಟ್ಟು ಹೋಗುತ್ತೇನೆ, ಸಂಜೆ ಬಂದಾಗ ಹಾಗೇ ತುಂಬಿರುತ್ತದೆ. ನಾನಿಲ್ಲದಾಗ ಹಿತ್ತಲಿಗೆ ಹೋಗಬೇಕೆಂದರೆ ಅವಳು ಮೆಟ್ಟಿಲ ಮೇಲೆ ಕೂತು ತೆವಳಿ ಇಳಿಯಬೇಕು. ಅದಕ್ಕೇ ಬೆಳಗಿನಿಂದ ಸಂಜೆಯವರೆಗೆ ಅವಳು ನೀರು ಕುಡಿಯುವುದಿಲ್ಲ. ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದಿತ್ತು. ಮತ್ತೆ ಒಂಬತ್ತನೆಯ ಮನೆ, ಹತ್ತನೆಯ ಮನೆ. ಅಲ್ಲಿ ಎಷ್ಟು ಮೆಟ್ಟಿಲು ಇರುತ್ತವೋ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯವರೆಗೆ ನಡೆಯುತ್ತ ದಾರಿಯ ಮನೆಗಳ ಹೊಸ್ತಿಲುಗಳನ್ನೇ ಎಣಿಸಿದೆ.

ಮಧ್ಯಾಹ್ನ ಮಲಕಪ್ಪ ಸರ್ ಅಂಗಡಿಗೆ ಬಂದರು. ತಾಲೂಕಿನಲ್ಲಿ ವಿಕಲಚೇತನರ ಅರ್ಜಿ, ಕಾರ್ಡು, ಪಿಂಚಣಿಯ ಕೆಲಸ ನೋಡುವವರು. ಅವರ ಎಡಗಾಲೂ ಸಣ್ಣದು. ಅವರ ಕಾಗದಗಳನ್ನೆಲ್ಲ ನಾನೇ ಟೈಪ್ ಮಾಡುವುದು. ನನ್ನ ಮುಖ ನೋಡಿ, ಏನಾಯ್ತು ಮೇಡಂ ಎಂದರು. ಹೇಳಿದೆ.

"ಕಾಯ್ದೆ ಐತ್ರಿ. ಎರಡು ಸಾವಿರದ ಹದಿನಾರರದು. ಅಂಗವಿಕಲ ಅದಾರ ಅಂತ ಯಾರಿಗೂ ಭೇದ ಮಾಡಂಗಿಲ್ಲ. ಎಲ್ಲಾರಂಗ ಊರಾಗ ಬದುಕೂ ಹಕ್ಕು ಐತಿ. ಅತೀ ಭಾರ ಆಗದಂಥಾ ಅನುಕೂಲ ಇದ್ರ ಅದನ್ನ ಮಾಡಿ ಕೊಡಬೇಕು."

"ಬಾಡಗಿ ಮನಿಗೂ ಬರ್ತೈತೇನ್ರಿ ಅದು?"

ಅವರು ಹೂಂ ಎಂದುಬಿಡಲಿಲ್ಲ. ನನಗೆ ಅವರು ಇಷ್ಟವಾಗುವುದು ಇದಕ್ಕೇ, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದಿಲ್ಲ. "ಸರ್ಕಾರದವ್ರು ಮನಿ ಹಂಚೂ ಮುಂದ ನೂರಕ್ಕ ಐದು ಅಂತ ಸ್ಪಷ್ಟ ಐತಿ. ಖಾಸಗಿ ಬಾಡಗಿ ಮನಿ ಅಂತ ಹೆಸರು ಹಿಡದು ಬರದಿದ್ದು ನಾ ನೋಡಿಲ್ಲ. ಅರ್ಜಿ ಹಾಕ್ರಿ. ಕಾರವಾರದ ಜಿಲ್ಲಾ ಆಫೀಸಿಗೆ ಹೋಗ್ತೈತಿ, ಬೇಕಾದ್ರ ಬೆಂಗಳೂರಾಗಿನ ಆಯುಕ್ತರ ತನಕಾನೂ ಹೋಗ್ತೈತಿ. ಕೇಳ್ತಾರ. ಆದ್ರ ಹದಿನೆಂಟ ದಿನದಾಗ ಅಲ್ಲ."

"ಹಂಗಾರ?"

"ಮಾಲಕರು ಕೆಟ್ಟವ್ರೇನ್ರಿ?"

"ಅಲ್ರಿ. ಅದ ತ್ರಾಸು."

"ಹಂಗಾದ್ರ ಮೊದ್ಲ ಅವರಿಗೇ ಒಂದು ಪತ್ರ ಕೊಡ್ರಿ. ಕಾಯ್ದೆ ಹೆಸರು ಹಾಕ್ರಿ, ಹೆದರಸಬ್ಯಾಡ್ರಿ. ನೀವು ಬರದ್ರ ಚೊಲೋ ಬರೀತೀರಿ."

ಆ ಪತ್ರವನ್ನು ನಾಲ್ಕು ಸಲ ಬರೆದೆ. 'ಹಕ್ಕು' ಎಂದು ಹಾಕಿ, ಜಂಬವಾಯಿತೇನೋ ಎಂದು ತೆಗೆದು, ಬೇಡಿಕೊಂಡಂತಾಯಿತು ಎನಿಸಿ ಮತ್ತೆ ಹಾಕಿದೆ. 'ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಆಶಯದಂತೆ ನನ್ನ ತಂಗಿಯು ಉಳಿದವರಂತೆ ಈ ಮನೆಯಲ್ಲಿ ವಾಸಿಸಲು ಅನುವಾಗುವಂತೆ, ನಮ್ಮ ಖರ್ಚಿನಲ್ಲಿ ಒಂದು ಇಳಿಜಾರು ಕಟ್ಟಿಸಲು ಅನುಮತಿ ನೀಡಿ, ಕರಾರನ್ನು ಮುಂದುವರಿಸಬೇಕಾಗಿ ವಿನಂತಿ.' ಇದರಲ್ಲಿ ಒಂದು ಪದವೂ ಹೆಚ್ಚಿಲ್ಲ ಎನಿಸಿದಾಗ ಅಂಗಡಿ ಮುಚ್ಚುವ ಹೊತ್ತು. ನಮ್ಮಲ್ಲಿ ಹೊಸ ಕಾಗದವನ್ನು ಯಾರೂ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಹಳೆಯ ಒಂದನ್ನು ತೆರೆದು, ಹೆಸರು ಅಳಿಸಿ, ವಿಷಯ ಅಳಿಸಿ, ಅದರ ಮೈಯೊಳಗೇ ಹೊಸದನ್ನು ಬರೆಯುತ್ತೇವೆ. ನಾನು ತೆರೆದದ್ದು ಮಲಕಪ್ಪ ಸರ್ ಹಿಂದಿನ ತಿಂಗಳು ಬರೆಸಿದ್ದ ಒಂದು ಕಾಗದ. ಪ್ರಿಂಟ್ ತೆಗೆದೆ, ಸಹಿ ಮಾಡಿದೆ, ಲಕೋಟೆಗೆ ಹಾಕಿದೆ.

ಮರುದಿನ ನಾನು ಅಂಗಡಿಯಲ್ಲಿದ್ದಾಗ ಸಾಯಿಮಾ ಅದನ್ನು ಸುಶೀಲವ್ವನ ಬ್ಲೌಸುಗಳ ಮೇಲಿಟ್ಟು ಕೊಟ್ಟುಬಿಟ್ಟಳು. "ಬ್ಲೌಸ್ ಕೂಲಿನೂ ತಗೊಂಡಿಲ್ಲ. ಆಕಿ ಖುಷಿ ಇದ್ದಾಗನ ಕೊಡಬೇಕಲಾ," ಎಂದಳು ಸಂಜೆ.

ಅದರ ಮರುದಿನ, ನನ್ನ ಪ್ರತಿಯನ್ನು ಫೈಲಿಗೆ ಹಾಕುವಾಗ, ಸಹಿಯ ಕೆಳಗೆ ಒಂದು ಸಾಲು ಕಾಣಿಸಿತು.

'ಪ್ರತಿಯನ್ನು ಮಾಹಿತಿ ಮತ್ತು ಅಗತ್ಯ ಕ್ರಮಕ್ಕಾಗಿ: ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳು, ಕಾರವಾರ.'

ಮಲಕಪ್ಪ ಸರ್ ಅವರ ಕಾಗದದ ಕೊನೆಯ ಸಾಲು. ಅದನ್ನು ನಾನು ಅಳಿಸಿರಲಿಲ್ಲ. ದಿನಕ್ಕೆ ಹತ್ತು ಕಾಗದದ ಕೆಳಗೆ ಅಂಥ ಸಾಲು ಇರುತ್ತದೆ. ಕಣ್ಣು ಅದನ್ನು ಓದುವುದನ್ನು ಎಂದೋ ಬಿಟ್ಟಿದೆ. ಪದ ಪದ ತೂಗಿ ಬರೆದವಳು, ಬರೆಯದೇ ಇದ್ದ ಸಾಲಿಗೆ ಸಹಿ ಮಾಡಿದ್ದೆ. ಕಾರವಾರಕ್ಕೆ ಏನೂ ಹೋಗಿರಲಿಲ್ಲ.

ಸಂಜೆಯೇ ಹೋಗಿ ಹೇಳಿಬಿಡಬೇಕು ಎಂದುಕೊಂಡು ಬಂದೆ. ಮುಂದಿನ ಮನೆಯ ಕಟ್ಟೆಯ ಮೇಲೆ ಕಾಕಾನ ಗೆಳೆಯ ಮಹಾಬಳೇಶ್ವರ ಕೂತಿದ್ದರು. ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅವರ ಕೈಯಲ್ಲಿ ನನ್ನ ಪತ್ರ. ನಮ್ಮ ಕಿಟಕಿಯ ಸಂದಿಯಿಂದ ನೋಡಿದೆ. ಅವರ ಬೆರಳು ಸಾಲುಗಳ ಮೇಲೆ ನಿಧಾನ ಇಳಿದು, ಕೊನೆಯಲ್ಲಿ ನಿಂತು, ಎರಡು ಸಲ ತಟ್ಟಿತು. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಕಿಟಕಿ ಮುಚ್ಚಿದೆ.

ಆಮೇಲೆ ನಾಲ್ಕು ದಿನ ಮುಂದಿನ ಮನೆಯಿಂದ ಮಾತೇ ಇಲ್ಲ. ಸುಶೀಲವ್ವ ಕಾಕು ನಾನು ನಲ್ಲಿಯ ಹತ್ತಿರ ಬಂದರೆ ಕೊಡ ಅರ್ಧಕ್ಕೇ ಎತ್ತಿಕೊಂಡು ಹೋಗುತ್ತಿದ್ದರು. ರಾತ್ರಿ ಹಲಗೆ ಹಾಕಲು ಹೆದರಿ ನಾನು ಸಾಯಿಮಾಳನ್ನು ಬೆನ್ನ ಮೇಲೆ ಹೊತ್ತು ಇಳಿಸಿದೆ. "ನೀ ಬಿದ್ರ ಇನ್ನೊಂದು ಕುರ್ಚಿಗೆ ಅರ್ಜಿ ಯಾರು ಬರೀಬೇಕು?" ಎಂದು ನನ್ನ ಕಿವಿಯ ಹತ್ತಿರ ಕೇಳಿದಳು. ಮೂವತ್ತೊಂದಕ್ಕೆ ಇನ್ನು ಹನ್ನೆರಡು ದಿನ. ಅಂಗಡಿಗೆ ಬಂದವರನ್ನೆಲ್ಲ ಖಾಲಿ ಮನೆ ಇದೆಯೇ ಎಂದು ಕೇಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಹತ್ತಿರ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಗೌಂಡಿ. ನಮ್ಮ ಹೊಸ್ತಿಲಿಂದ ಹಿತ್ತಲಿಗೆ ಹುರಿ ಎಳೆದು ಅಳೆಯುತ್ತಿದ್ದ. ಹಿಂದೆ ಕಾಕಾ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

"ಕುರ್ಚಿ ಅಗಲ ಎಷ್ಟೈತಿ ಹೇಳು," ಎಂದರು, ನನ್ನ ಮುಖ ನೋಡದೆ.

ಹೇಳಿದೆ. ಗೌಂಡಿ ನೆಲದ ಮೇಲೆ ಗೀರು ಹಾಕಿದ. ಅವನು ಮರಳು ನೋಡಲು ಮುಂದಕ್ಕೆ ಹೋದಾಗ ಕಾಕಾ ಮೆಟ್ಟಿಲ ಮೇಲೆ ಕೂತರು.

"ದಾಂಡೇಲಿ ಕಾರ್ಖಾನಿಯೊಳಗ ಇಪ್ಪತ್ತೊಂಬತ್ತು ವರ್ಷ ಡ್ಯೂಟಿ ಮಾಡೇನಿ. ಎರಡ ಸರ್ತಿ ಮೆಮೊ ಬಂತು. ಒಂದು ಬರೇ ನನ್ನ ಹೆಸರಿಗೆ. ಸಾಹೇಬ್ರ ಮುಂದ ಹೋಗಿ ನಿಂತೆ, ಬೈದ್ರು, ಮುಗೀತು. ಇನ್ನೊಂದರ ಕೆಳಗ ಪ್ರತಿ ಅಂತ ಬರದಿತ್ತು. ಅದು ಮುಗೀಲಿಲ್ಲ. ಪ್ರತಿ ಅಂದ್ರ, ಕಾಗದ ನನಗಿಂತ ಮುಂದ ಹೋಗೇತಿ ಅಂತ ಅರ್ಥ." ನೆಲದ ಗೀರನ್ನು ಬೆರಳಿಂದ ಮುಟ್ಟಿದರು. "ಕಾರವಾರಕ್ಕ ಕಳಸೂ ಮೊದ್ಲ ನನಗ ಒಂದು ಮಾತು ಅನಬೇಕಿತ್ತು ತಂಗಿ."

"ಕಾಕಾ, ಅದು..."

ಒಳಗೆ ಹೊಲಿಗೆ ಮಷಿನ್ ನಿಂತಿತು. ಸಾಯಿಮಾ ಕೇಳಿಸಿಕೊಳ್ಳುತ್ತಿದ್ದಳು. ಹುರಿ ಇನ್ನೂ ನಮ್ಮ ಹೊಸ್ತಿಲಿಂದ ಹಿತ್ತಲವರೆಗೆ ಬಿಗಿಯಾಗಿ ನಿಂತಿತ್ತು.

"ಅದು ನಾ ವಿಚಾರ ಮಾಡಬೇಕಿತ್ರಿ," ಎಂದೆ.

"ಇರ್ಲಿ. ಸಾಹೇಬ್ರು ನೋಡಾಕ ಬಂದ್ರ ಏನಂತ ಹೇಳ್ತಿ?"

"ನೀವ ಕಟ್ಟಿಸಿಕೊಟ್ರಿ ಅಂತ ಹೇಳ್ತೇನ್ರಿ. ಅದು ಖರೇನ ಐತೆಲ್ಲ."

ಅವರು ತಲೆಯಾಡಿಸಿ ಎದ್ದರು. ಖರ್ಚು ಕೊಡುತ್ತೇನೆ ಎಂದದ್ದಕ್ಕೆ ಕೈ ಅಡ್ಡ ಮಾಡಿದರು. ಕಾಗದದಲ್ಲಿ ತಮ್ಮ ಹೆಸರು ಹೋಗಿದ್ದ ಮೇಲೆ ಖರ್ಚೂ ತಮ್ಮದೇ ಇರಲಿ ಎಂಬ ಲೆಕ್ಕ.

ಸಿಮೆಂಟು ಗಟ್ಟಿಯಾದ ಮೇಲೆ ಹೇಳಿಬಿಡುತ್ತೇನೆ ಎಂದುಕೊಂಡೆ. ಈಗಲೇ ಹೇಳಿದರೆ ಹಸಿ ಇರುವಾಗಲೇ ಒಡೆಸಿಬಿಟ್ಟರೆ? ಸುಶೀಲವ್ವ ಕಾಕು ಅದರ ಮೇಲೆ ಗೋಣಿಚೀಲ ಹಾಸಿ, ಗೊಣಗುತ್ತಲೇ ದಿನಕ್ಕೆ ಮೂರು ಹೊತ್ತು ನೀರು ಹೊಡೆದರು. ಎಂಟನೆಯ ದಿನ ಚೀಲ ತೆಗೆದಾಗ ಮೊದಲು ಅದರ ಮೇಲೆ ಇಳಿದದ್ದು ಅವರೇ. "ಮೊಣಕಾಲು ಹಿಡದಾವು. ಹೆಂಗಿದ್ರೂ ಕಟ್ಟಸಿದ್ದು ನಾವಲಾ," ಎಂದರು ಯಾರೂ ಕೇಳದಿದ್ದರೂ.

ಅಂದು ಸಂಜೆ ಅಂಗಡಿಯಿಂದ ಬಂದಾಗ ತಂಬಿಗೆ ಖಾಲಿಯಿತ್ತು. ಚೆಲ್ಲಿದೆಯೇನೋ ಎಂದು ನೆಲ ಮುಟ್ಟಿ ನೋಡಿದೆ. ಒಣಗಿತ್ತು. ಸಾಯಿಮಾ ಕಣ್ಣೆತ್ತದೆ ಹೊಲಿಯುತ್ತ, "ಇನ್ನೊಂದು ತಂಬಿಗಿ ಇದ್ರ ಇಟ್ಟು ಹೋಗು ನಾಳೆ," ಎಂದಳು.

ಹಾಗಾದರೆ ಕರಾರಿಗೆ ಸಹಿ ಬಿದ್ದ ಮೇಲೆ ಹೇಳುತ್ತೇನೆ. ಮೂವತ್ತನೆಯ ತಾರೀಖು ಹೊಸ ಕರಾರನ್ನು ನಾನೇ ಟೈಪ್ ಮಾಡಿದೆ. ಈ ಸಲ ಖಾಲಿ ಹಾಳೆಯಿಂದ. ಕೊನೆಯ ಸಾಲಿನವರೆಗೆ ಬೆರಳಿಟ್ಟು ಎರಡು ಸಲ ಓದಿದೆ. ಇಳಿಜಾರನ್ನು ಬಾಡಿಗೆಯ ಅವಧಿಯಲ್ಲಿ ತೆಗೆಯತಕ್ಕದ್ದಲ್ಲ ಎಂದು ಒಂದು ಕಲಮು ಸೇರಿಸಿದ್ದೆ. ಕಾಕಾ ಓದಿ, ಪೆನ್ನು ಹಿಡಿದು ಕೇಳಿದರು.

"ಇದರ ಪ್ರತಿ ಎಲ್ಲೂ ಹೋಗೂದಿಲ್ಲಲಾ?"

"ಒಂದು ನಿಮಗ, ಒಂದು ನನಗ. ಅಷ್ಟರೀ."

ನಗುತ್ತಲೇ ಕೇಳಿದ್ದರು, ಆದರೆ ನಾನು ಉತ್ತರ ಕೊಟ್ಟ ಮೇಲೇ ಸಹಿ ಮಾಡಿದರು. ನಾನು ಬಾಯಿ ತೆರೆದೆ. ಸುಶೀಲವ್ವ ಕಾಕು ಚಹಾ ತಂದರು. ಚಹಾ ಕುಡಿದು ಎದ್ದು ಬಂದೆ.

ಫೆಬ್ರುವರಿಯ ಮೊದಲ ವಾರ ಮಲಕಪ್ಪ ಸರ್ ಬಂದು, "ಹೆಂಗಾತ್ರಿ? ಕಾರವಾರಕ್ಕ ಅರ್ಜಿ ಹಾಕೂಣೇನು?" ಎಂದರು.

"ಬ್ಯಾಡ್ರಿ. ಅವರ ಕಟ್ಟಿಸಿ ಕೊಟ್ರು. ಕರಾರೂ ಆತು."

"ನೋಡ್ರಿ ಮತ್ತ. ಕಾಯ್ದೆ ಹೆಸರು ಹೇಳಿದ್ದಕ್ಕನ ಆತು. ಜೋಯಿಡಾದಾಗ ಒಬ್ರದು ಹಿಂಗ ಐತಿ. ನಿಮ್ಮ ಪತ್ರ ಒಂದು ಝೆರಾಕ್ಸ್ ಕೊಡ್ರಿ, ಹಂಗ ಬರಸ್ತೇನಿ."

ನನ್ನ ಪ್ರತಿ ಮೇಜಿನ ಖಾನೆಯಲ್ಲೇ ಇತ್ತು. ಹುಡುಕಿದಂತೆ ಮಾಡಿ, "ಸಿಗವಲ್ದ್ರಿ. ನಾ ಹೊಸಾದ ಟೈಪ್ ಮಾಡಿ ಕೊಡ್ತೇನಿ. ಮತ್ತ ಅದರ ಪ್ರತಿ ಖರೇನ ಕಳಸ್ರಿ, ರಿಜಿಸ್ಟರ್ ಪೋಸ್ಟಿಗೆ," ಎಂದೆ. ಅವರು, ಕಳಿಸದೇ ಇರ್ತೇವೇನ್ರಿ ಎಂದು ನಕ್ಕರು.

ನಮ್ಮದನ್ನೂ ಈಗಲಾದರೂ ಕಳಿಸಿದರೆ ಮಾತು ನಿಜವಾಗುತ್ತದೆ ಎಂದು ಲಕೋಟೆಯ ಮೇಲೆ ವಿಳಾಸ ಬರೆದೆ. ಎರಡು ದಿನ ಪೋಸ್ಟಾಫೀಸಿನ ಮುಂದಿನಿಂದಲೇ ಹೋದೆ. ಕಟ್ಟಿಸಿಕೊಟ್ಟವರ ಮೇಲೆ, ಕಟ್ಟಿಸಿಕೊಟ್ಟ ಮೇಲೆ, ದೂರು ಹೋದಂತಾಗುತ್ತದೆ. ಲಕೋಟೆ ಚೀಲದಲ್ಲೇ ಉಳಿಯಿತು.

ಮುಂದಿನ ಭಾನುವಾರ ಮಧ್ಯಾಹ್ನ ಓಣಿಯಲ್ಲಿ ಒಂದು ಬಿಳಿ ಜೀಪು ನಿಂತಿತು. ಬನಿಯನ್ ಮೇಲೆ ಕಟ್ಟೆಯಲ್ಲಿ ಕೂತಿದ್ದ ಕಾಕಾ ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಇಸ್ತ್ರಿ ಅಂಗಿ, ಕುತ್ತಿಗೆಯವರೆಗೆ ಗುಂಡಿ. ಬೇಗ ಬೇಗ ಹಿತ್ತಲಿಗೆ ಬಂದು, ಕಸಬರಿಗೆ ಹಿಡಿದು ಇಳಿಜಾರನ್ನು ಮೇಲಿನಿಂದ ಕೆಳಗೆ ಗುಡಿಸಿದರು. ಗೇಟಿನ ಹತ್ತಿರ ಹೋಗಿ ಕೈ ಹಿಂದೆ ಕಟ್ಟಿ ನಿಂತರು. ಜೀಪಿನವನು ಯಾರದೋ ಮನೆಯ ವಿಳಾಸ ಕೇಳಿ ಮುಂದೆ ಹೋದ. ಕಾಕಾ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಕಿಟಕಿಯಲ್ಲಿದ್ದ ನನ್ನನ್ನು ನೋಡಿ, "ಅವರಲ್ಲ," ಎಂದರು.

"ಯಾರ ಹಾದಿ ಕಾಯ್ತಾರ ಕಾಕಾ ದಿನಾ?" ಎಂದು ಕೇಳಿದಳು ಸಾಯಿಮಾ. "ಮೊನ್ನೆ ಮೀಟರ್ ನೋಡಾವ ಬಂದಾಗೂ ಹಿಂಗ ಮಾಡಿದ್ರು."

ಕಾರವಾರಕ್ಕೆ ಏನೂ ಹೋಗಿಲ್ಲ ಎಂಬ ಒಂದು ಮಾತು ಸಾಕು. ಕಾಕಾ ರಾತ್ರಿ ನಿದ್ದೆ ಮಾಡುತ್ತಾರೆ. ಆದರೆ ಈ ಕರಾರು ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಆಗ ಅವರು ಪೆನ್ನು ಹಿಡಿಯುವ ಮುನ್ನ ಕಾರವಾರವನ್ನು ನೆನೆಯಬೇಕೋ ಬೇಡವೋ ಎಂಬುದು ನನ್ನ ಆ ಒಂದು ಮಾತಿನ ಮೇಲೆ ನಿಂತಿದೆ. ತಂಗಿಯ ಪಕ್ಕದಲ್ಲಿ ಎರಡು ತಂಬಿಗೆಗಳಿದ್ದವು. ಒಂದು ಖಾಲಿಯಾಗಿತ್ತು.

"ಗೊತ್ತಿಲ್ಲ," ಎಂದೆ. ಲಕೋಟೆಯನ್ನು ಚೀಲದಿಂದ ತೆಗೆದು ಒಲೆಯ ಹತ್ತಿರ ಒಯ್ದೆ. ಕಾಕಾನಿಗೆ ಹೇಳುವುದಿಲ್ಲ, ಮಲಕಪ್ಪ ಸರ್‌ಗೆ ಇಲ್ಲ, ಇವಳಿಗೂ ಇಲ್ಲ. ಗ್ಯಾಸ್ ಹಚ್ಚಿ, ಅದರ ಮೂಲೆಯನ್ನು ಉರಿಗೆ ಹಿಡಿದೆ.

"ಏನು ಸುಡಾತಿ ಆಪಾ?"

"ಹಳೇ ಕಾಗದ," ಎಂದೆ. ಅದು ಸುಳ್ಳಲ್ಲ.